ಟೈನಿಗೊಂದು ಸಂಬಂಧ

ಸೆವ್ರಿನ್ ಬಾಯಿಯ ಲೋಕದಲ್ಲಿ ದಪ್ಪಗಿರುವವರು ಯಾರೂ ಇರಲಿಲ್ಲ. "ಮೈಕೈ ತುಂಬಿಕೊಂಡವರು" ಇದ್ದರು, "ಉಂಡು ತಿಂದು ಬೆಳೆದ ಮನೆಯವರು" ಇದ್ದರು, ತೀರಾ ಬಾಗಿಲಲ್ಲಿ ಸಿಕ್ಕಿಕೊಳ್ಳುವಂಥವರಾದರೆ "ಎದ್ದು ಕಾಣುವ ಪರ್ಸನಾಲಿಟಿ"ಯವರಾಗುತ್ತಿದ್ದರು. ಹಾಗೆಯೇ ವಯಸ್ಸಾದವರೂ ಇರಲಿಲ್ಲ. ನಲವತ್ತು ದಾಟಿದ ವರ "ಜವಾಬ್ದಾರಿ ತಿಳಿದವ". ಕೆಲಸ ಕಳೆದುಕೊಂಡು ಕೂತವನು "ಸದ್ಯಕ್ಕೆ ಮನೆಯ ಕಡೆ ಗಮನ ಕೊಡುವವ". ಐರ್ಲೆಂಡಿನ ಕನ್ನಡಿಗರಲ್ಲಿ ಕೂಡಿಬಂದ ಎಷ್ಟು ಮದುವೆಗಳಿಗೆ ಬಾಯಿಯ ಈ ನಿಘಂಟು ಕಾರಣವೋ ದೇವರಿಗೇ ಗೊತ್ತು. ಒಮ್ಮೆ ತಡೆಯಲಾರದೆ, "ಇಷ್ಟೊಂದು ಸುಳ್ಳು ಹೇಳ್ತೀರಲ್ಲ ಬಾಯಿ" ಎಂದೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ನಿಮ್ಮ ಹಿರಿಯರೇ ಹೇಳಿದ್ದಲ್ವಾ? ನಾನು ಅಷ್ಟೆಲ್ಲ ಹೇಳುದಿಲ್ಲ ಮಾರಾಯ್ತಿ, ಒಂದು ಇನ್ನೂರರಲ್ಲಿ ಮುಗಿಸ್ತೇನೆ. ಅದನ್ನೂ ಈಸ್ಟರಿನ ಮೊದಲು ಪಾದ್ರಿಗಳ ಹತ್ರ ಕನ್ಫೆಶನಿನಲ್ಲಿ ಹೇಳಿ ಬರ್ತೇನೆ. ಚುಕ್ತಾ!" ಎಂದರು, ಮತ್ತೆ ಫೋನಿಗೆ ಕೈ ಹಾಕಿದರು.

ಬಾಯಿ ಎಂದರೆ ಅವರ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ರೀತಿ. ತುಮಕೂರಿನವಳಾದ ನನಗೆ ಮೊದಮೊದಲು ಹಾಗೆ ಕರೆಯಲು ನಾಲಗೆ ಏಳಲಿಲ್ಲ. ಎದುರಿಗೆ ಕೂತ ಹಿರಿಯರನ್ನು ಬಾಯಿ, ಬಾಯಿ ಎನ್ನುವುದು ಹೇಗೆ? ಸ್ವಲ್ಪ ದಿನ ಅವರ ಮಾತು ಕೇಳಿದ ಮೇಲೆ ಅವರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ ಅನ್ನಿಸಿತು. ಕಿನ್ನಿಗೋಳಿಯಿಂದ ಬಂದು ಲಿಮೆರಿಕ್‌ನ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದರು, ಅದೂ ವೃದ್ಧರ ವಾರ್ಡಿನಲ್ಲಿ. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಾನು ಇಲ್ಲಿ ಮಾಸ್ಟರ್ಸ್ ಮುಗಿಸಿ ಎಲೆಕ್ಟ್ರಾನಿಕ್ಸ್ ಕಂಪನಿಯೊಂದಕ್ಕೆ ಸೇರಿದಾಗ, ಅವರ ಬಾಡಿಗೆ ಮನೆಯ ಮಹಡಿಯ ಕೋಣೆಯಲ್ಲಿ ನನಗೆ ಜಾಗ ಕೊಟ್ಟರು. ಬಾಡಿಗೆಯ ಜೊತೆಗೆ ಒಂದೇ ಷರತ್ತು: ಹಸಿವಿಲ್ಲ ಎಂದು ಯಾವತ್ತೂ ಹೇಳಕೂಡದು.

ಕೊರೋನಾ ಬಂದ ವರ್ಷವೇ ಅವರು ನಿವೃತ್ತರಾದರು. ಊರಿಗೆ ವಾಪಸಾಗಿ ತಂಗಿಯ ಜೊತೆ ಇರುವುದೆಂದು ಟಿಕೆಟ್ಟೂ ಮಾಡಿಸಿದ್ದರು. ವಿಮಾನಗಳು ನಿಂತವು. ಮದುವೆಗಳು ನಿಂತವು. ಚರ್ಚುಗಳಿಗೂ, ಬಾಯಿಯ ಮಾತಿನಲ್ಲಿ ಇಗರ್ಜಿಗಳಿಗೂ, ಬೀಗ ಬಿತ್ತು. ಬಾಯಿಯ ಫೋನ್ ಸುಮ್ಮನೆ ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮೂರು ಹೊತ್ತೂ ಅಡುಗೆ ಮಾಡುತ್ತಿದ್ದರು, ಮಹಡಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತ ನನಗೆ ತಂದುಕೊಟ್ಟು ತಿನ್ನುವವರೆಗೂ ನಿಂತಿರುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಓರ್ಲಾ ಫೋನ್ ಮಾಡಿದಳು. ಊರಾಚೆ ಅನಾಥ ನಾಯಿಗಳ ಆಶ್ರಯವೊಂದನ್ನು ನಡೆಸುತ್ತಿದ್ದ ಹೆಂಗಸು ಅವಳು. ಅವಳ ತಾಯಿಯನ್ನು ಕೊನೆಗಾಲದಲ್ಲಿ ಬಾಯಿಯೇ ನೋಡಿಕೊಂಡಿದ್ದರು. ಕೆಲಸದವರಿಗೆ ಬರಲಾಗುತ್ತಿಲ್ಲ, ನಾಯಿಗಳನ್ನೆಲ್ಲ ಮನೆಮನೆಗೆ ಹಂಚಿಯಾಯಿತು, ಒಬ್ಬ ಮಾತ್ರ ಉಳಿದಿದ್ದಾನೆ, ವಯಸ್ಸಾಗಿದೆ, ಸ್ವಲ್ಪ ಭಾರ, ಫೋಟೋ ಕಳಿಸಿದ್ದೇನೆ, ಅವನಿಗೊಂದು ಮನೆ ಸಿಗುವವರೆಗೆ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದಳು. ಬಾಯಿ ಕನ್ನಡಕ ಏರಿಸಿ ಫೋಟೋ ನೋಡಿದರು. ಚಿನ್ನದ ಬಣ್ಣದ, ಸೋಫಾದಷ್ಟು ಅಗಲದ ಲ್ಯಾಬ್ರಡಾರ್ ಒಂದು ನೆಲದ ಮೇಲೆ ಹರಡಿಕೊಂಡಿತ್ತು.

"ಗ್ರ್ಯಾಂಡ್!" ಎಂದರು ಬಾಯಿ. "ಓ, ಗ್ರ್ಯಾಂಡ್!"

ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಆಯಿತು, ಸರಿ, ಒಪ್ಪಿಗೆ. ಬಾಯಿಯ ಬಾಯಲ್ಲಿ ಅದು ಕೊನೆಯವರೆಗೂ ಜರತಾರಿ ಸೀರೆಗೆ ಹೇಳುವ ಗ್ರ್ಯಾಂಡ್. ಇಲ್ಲಿನ ಅರ್ಥ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ, ಒಪ್ಪಿಗೆ ಇರಲಿಲ್ಲ. "ಕಾಲು ಮುರಿದು ಮಲಗಿದವನ ಹತ್ರ ಹೇಗಿದ್ದೀರಿ ಕೇಳಿದ್ರೆ ಗ್ರ್ಯಾಂಡ್ ಅಂತೆ! ಎಂತ ಗ್ರ್ಯಾಂಡ್?" ಎಂದು ವಾರ್ಡಿನಿಂದ ಬಂದು ಗೊಣಗುತ್ತಿದ್ದುದನ್ನು ನಾನೇ ಕೇಳಿದ್ದೆ. ಓರ್ಲಾಗೆ ಇದೆಲ್ಲ ಹೇಗೆ ತಿಳಿಯಬೇಕು? ಮರುದಿನವೇ ಗೇಟಿನ ಬಳಿ ವ್ಯಾನು ನಿಂತಿತು. ನಾಯಿಯನ್ನು ಇಳಿಸಿ, ದೂರದಿಂದಲೇ ಕೈಬೀಸಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಕಣ್ಣೊರೆಸಿಕೊಂಡು ಹೊರಟೇಹೋದಳು.

"ನಾನೆಲ್ಲಿ ಹೂಂ ಅಂದೆ?" ಎಂದು ಬಾಯಿ ನನ್ನ ಮುಖ ನೋಡಿದರು. ನಾಯಿ ಬಾಯಿಯ ಮುಖ ನೋಡಿತು. ಅದರ ಹೆಸರು ಟೈನಿ, ಅಂದರೆ ಪುಟಾಣಿ. ಮರಿಯಾಗಿದ್ದಾಗ ಇಟ್ಟ ಹೆಸರಿರಬೇಕು. ಸಾಕಿದ ಅಜ್ಜಿ ತಾನು ತಿಂದ ಪ್ರತಿ ಬಿಸ್ಕತ್ತಿನಲ್ಲೂ ಪಾಲು ಕೊಟ್ಟು ಬೆಳೆಸಿ, ಕೊನೆಗೆ ಅವನನ್ನು ಬಿಟ್ಟು ತೀರಿಕೊಂಡಿದ್ದರು. ಬಾಗಿಲ ಮೆಟ್ಟಿಲು ಹತ್ತಲು ಅವನು ಎರಡು ಸಲ ಯೋಚಿಸಿದ. ಕೊನೆಗೆ ನಾವಿಬ್ಬರೂ ಹಿಂದಿನಿಂದ ನೂಕಬೇಕಾಯಿತು.

ಎರಡು ಕಿಲೋಮೀಟರಿಗಿಂತ ಆಚೆ ಯಾರೂ ಹೋಗಬಾರದೆಂದು ಸರ್ಕಾರ ಹೇಳಿತ್ತು. ಟೈನಿ ಎರಡು ಮನೆ ದಾಟುತ್ತಿರಲಿಲ್ಲ. ಮೂರನೆಯ ಮನೆಯ ಗೇಟಿನ ಮುಂದೆ ಕೂತನೆಂದರೆ ಮುಗಿಯಿತು, ಬಾಯಿಯೂ ಪಕ್ಕದ ಕಟ್ಟೆಯ ಮೇಲೆ ಕೂತು ಕೊಂಕಣಿಯಲ್ಲಿ ಅವನಿಗೆ ಬುದ್ಧಿ ಹೇಳುತ್ತಿದ್ದರು. ಪ್ರಾಣಿವೈದ್ಯರು ಫೋನಿನಲ್ಲೇ ಪಥ್ಯ ಗೊತ್ತುಮಾಡಿದರು. ಬಂದವರನ್ನೆಲ್ಲ ಉಣ್ಣಿಸಿಯೇ ಗೊತ್ತಿರುವ ಕೈ ಅದು, ಪಥ್ಯಕ್ಕೆ ಬಗ್ಗಲಿಲ್ಲ. ನೀರುದೋಸೆ ಮಾಡಿದಾಗೆಲ್ಲ ಒಂದು "ಕೈಜಾರಿ" ಕೆಳಗೆ ಬೀಳುತ್ತಿತ್ತು, ಅದೂ ಟೈನಿಯ ಮೂತಿಯ ಹತ್ತಿರವೇ. ಒಂದು ದಿನ ಅವನು ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತ ಎದ್ದೇಳಲಾಗದೆ ಮಲಗಿಬಿಟ್ಟ. ಬಾಯಿ ಅವನ ಪಕ್ಕದಲ್ಲೇ ನೆಲಕ್ಕೆ ಕೂತು, ಅವನ ಎದೆಯ ಮೇಲೆ ಕೈಯಿಟ್ಟು ಬಡಿತ ಎಣಿಸಿದರು. ಅವತ್ತಿನಿಂದ ದೋಸೆ ಬಂದ್. ಅವನ ಎದುರು ತಿನ್ನುವುದು ಪಾಪವೆಂದು ಅವರೂ ಬಿಟ್ಟರು, ನನಗೂ ಬಿಡಿಸಿದರು. ಆ ಬೇಸಿಗೆ ಪೂರ್ತಿ ನಾವು ಮೂವರೂ ಸೌತೆಕಾಯಿ ತಿಂದುಕೊಂಡಿದ್ದೆವು.

ಅಷ್ಟರಲ್ಲಿ ಊರಿಗೆ ಕರೆದೊಯ್ಯುವ ವಿಶೇಷ ವಿಮಾನದಲ್ಲಿ ಬಾಯಿಗೆ ಸೀಟು ಸಿಕ್ಕಿತು. ಮನೆಯ ಮಾಲೀಕರೂ ಮನೆ ಮಾರುವವರಿದ್ದರು. ನಾನು ನೋಡಿಟ್ಟಿದ್ದ ಅಪಾರ್ಟ್‌ಮೆಂಟಿನಲ್ಲಿ ನಾಯಿಗೆ ಅವಕಾಶವಿರಲಿಲ್ಲ. ಬಾಯಿ ಹೊರಡುವುದರೊಳಗೆ ಟೈನಿಗೊಂದು ಮನೆ ಆಗದಿದ್ದರೆ ಅವನು ಮತ್ತೆ ಆಶ್ರಯಕ್ಕೇ.

"ಈ ಪ್ರಾಯದಲ್ಲಿ ವಾಪಸು ಆ ಗೂಡಿಗೆ ಹೋದ್ರೆ ಅವ ಮತ್ತೆ ಹೊರಗೆ ಬರ್ಲಿಕ್ಕಿಲ್ಲ ರೇಖಾ. ವಾರ್ಡಿನಲ್ಲಿ ನಾನು ನೋಡಿದ್ದೇನಲ್ಲ. ಬಾಗಿಲಿನ ಕಡೆ ನೋಡಿಕೊಂಡೇ ಇರ್ತಾರೆ. ಆಮೇಲೆ ನೋಡುದನ್ನೂ ಬಿಡ್ತಾರೆ," ಎಂದರು. ಫೋನು ಕೈಗೆತ್ತಿಕೊಂಡರು.

ಆ ವರ್ಷ ಎಲ್ಲರಿಗೂ ನಾಯಿ ಬೇಕಾಗಿತ್ತು. ಆದರೆ ಬೇಕಾಗಿದ್ದದ್ದು ಮರಿ. ಲೀಕ್ಸ್‌ಲಿಪ್ ಎಂಬ ಊರಿನಲ್ಲಿ ಚಿಪ್ ಕಾರ್ಖಾನೆಯ ಎಂಜಿನಿಯರ್ ಒಬ್ಬರಿದ್ದರು. ಅವರ ಮದುವೆ ಮಾಡಿಸಿದ್ದೇ ಬಾಯಿ, ಆ ಸಲಿಗೆಯಿಂದ ಮೊದಲು ಅವರನ್ನೇ ಹಿಡಿದರು. "ಮನೆಅಳಿಯ ಆಗಿ ಬರುವ ಹುಡುಗ. ಪಾಪದವ, ಸಾಧು. ಜವಾಬ್ದಾರಿ ತಿಳಿದವ. ಮೈಕೈ ತುಂಬಿಕೊಂಡಿದ್ದಾನೆ," ಎಂದು ಪೀಠಿಕೆ ಹಾಕಿದರು. ಭಾನುವಾರ ವಿಡಿಯೋದಲ್ಲಿ ಹುಡುಗನನ್ನು ನೋಡುವ ಶಾಸ್ತ್ರ. ಬಾಯಿ ಟೈನಿಯ ಮೈ ಬಾಚಿ, ಕೊರಳಿಗೆ ಹಳೆಯ ರಿಬ್ಬನ್ ಕಟ್ಟಿ ಕೂರಿಸಿದರು. ನಾನು ಫೋನ್ ಹಿಡಿದೆ. ಟೈನಿ ಒಮ್ಮೆ ಪರದೆಯನ್ನು ನೋಡಿದ, ತಿರುಗಿ ಬೆನ್ನು ಕೊಟ್ಟು ಮಲಗಿದ, ಆಮೇಲೆ ಎಲ್ಲರಿಗೂ ಕೇಳುವಂತೆ ಹೂಸು ಬಿಟ್ಟ.

"ಡ್ಯಾಡೀ, ಹೀ ಈಸ್ ಮ್ಯಾಸಿವ್!" ಎಂದು ಆಚೆಯಿಂದ ಮಗಳು ಅಪ್ಪಟ ಐರಿಶ್ ಧಾಟಿಯಲ್ಲಿ ಕೂಗಿದಳು. ಎಂಜಿನಿಯರು ಗಂಟಲು ಸರಿಮಾಡಿಕೊಂಡು, "ಬಾಯಿ, ತಪ್ಪು ತಿಳ್ಕೋಬೇಡಿ. ನಮ್ಮದು ಚಿಕ್ಕ ಮನೆ. ಇವನು ಒಳಗೆ ಬಂದ್ರೆ ನಾವು ಹೊರಗಿರಬೇಕಾಗುತ್ತೆ," ಎಂದರು.

ಡಗ್ಲಸ್ ಎಂಬ ಊರಿನ ಇನ್ನೊಬ್ಬರು ಮಾತ್ರ ನೋಡದೆಯೇ ಒಪ್ಪಿದರು. ಬಾಯಿ ಹಿಗ್ಗಿಹೋದರು. ಆದರೆ ಮಾತಿನ ನಡುವೆ ಆತ, "ಹಿತ್ತಲ ಶೆಡ್ ಇದೆಯಲ್ಲ, ಅಲ್ಲೇ ಕಟ್ಟಿಹಾಕ್ತೀವಿ. ರಾತ್ರಿ ಮನೆ ಕಾಯೋಕೆ ಆಗುತ್ತೆ" ಎಂದುಬಿಟ್ಟರು. ಬಾಯಿಯ ಮುಖ ಗಂಟಿಕ್ಕಿತು. "ಅವ ಯಾರನ್ನೂ ಕಾಯುದಿಲ್ಲ. ಅವನನ್ನೇ ನಾವು ಕಾಯ್ಬೇಕು. ಈ ಸಂಬಂಧ ಬೇಡ, ಇಡ್ತೇನೆ," ಎಂದು ಫೋನಿಟ್ಟರು. ಕೂಡಿಬಂದ ಸಂಬಂಧವನ್ನು ಬಾಯಿ ತಾವಾಗಿ ಮುರಿದದ್ದು ನಾನು ಬಲ್ಲಂತೆ ಅದೊಂದೇ.

ವಿಮಾನದ ದಿನ ಹತ್ತಿರವಾಗುತ್ತಿತ್ತು. ಬಾಯಿಗೆ ಸರಿಯಾಗಿ ನಿದ್ದೆಯಿರಲಿಲ್ಲ. ಕೊನೆಗೆ ಓರ್ಲಾ ಒಬ್ಬರನ್ನು ಕಳಿಸಿದಳು. ಟಾಮ್ ಎಂದು ಹೆಸರು, ನಿವೃತ್ತ ಬಸ್ ಡ್ರೈವರ್, ನಮ್ಮಿಂದ ನಾಲ್ಕು ರಸ್ತೆ ಆಚೆ ಮನೆ. ಹಿಂದಿನ ಚಳಿಗಾಲದಲ್ಲಿ ಹೆಂಡತಿ ತೀರಿಕೊಂಡಿದ್ದಳು. ಡಾಕ್ಟರು ನಡೆಯಲೇಬೇಕೆಂದು ಗದರಿದ್ದರಂತೆ. ನೋಡಿದರೆ ಆತನೂ ಬಾಯಿಯ ನಿಘಂಟಿನ ಪ್ರಕಾರ ಎದ್ದು ಕಾಣುವ ಪರ್ಸನಾಲಿಟಿಯೇ. ಮಾಸ್ಕ್ ಹಾಕಿಕೊಂಡು, ಗೇಟಿನಿಂದ ಬಾಗಿಲವರೆಗೆ ಬರುವಷ್ಟರಲ್ಲಿ ದಣಿದು, ಅಂಗಳದ ಕಟ್ಟೆಯ ಮೇಲೆ ಕೂತರು.

ಇಗರ್ಜಿಗೆ ಹೋಗುವ ಉಡುಪು ಹಾಕಿಕೊಂಡು ಬಾಯಿ ಬಾಗಿಲಲ್ಲಿ ನಿಂತಿದ್ದರು. ಇನ್ನೇನು ಪೀಠಿಕೆ ಶುರುವಾಗುತ್ತದೆ ಎಂದು ನಾನು ಕಾದೆ. ಬಾಯಿ ಒಮ್ಮೆ ಟೈನಿಯನ್ನು ನೋಡಿದರು, ಒಮ್ಮೆ ಆ ಮನುಷ್ಯನನ್ನು. ಆಮೇಲೆ ತಮ್ಮ ವಾರ್ಡಿನ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು. ಇವನಿಗೆ ವಯಸ್ಸಾಗಿದೆ. ಇವನು ದಪ್ಪ. ಮಂಡಿ ಎರಡೂ ಹೋಗಿವೆ. ರಾತ್ರಿ ಗೊರಕೆ ಹೊಡೆಯುತ್ತಾನೆ, ಹಗಲು ಹೂಸು ಬಿಡುತ್ತಾನೆ. ಎಷ್ಟು ದಿನ ಇರುತ್ತಾನೋ ನನಗೆ ಗೊತ್ತಿಲ್ಲ.

ಇದ್ದ ಒಂದೇ ಸಂಬಂಧವನ್ನೂ ಕೈಯಾರೆ ಕೆಡಿಸಿದರಲ್ಲ ಎನ್ನಿಸಿತು. ಟಾಮ್ ಎಲ್ಲವನ್ನೂ ಗಂಭೀರವಾಗಿ ಕೇಳಿ, ತಲೆಯಾಡಿಸಿ, "ನನ್ನ ಹೆಂಡತಿ ನನ್ನ ವಿಷಯದಲ್ಲೂ ಇದನ್ನೇ ಹೇಳುತ್ತಿದ್ದಳು," ಎಂದರು. ಬಾಯಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಟಾಮ್ ಮಾತ್ರ ಎದ್ದೇಳಲಿಲ್ಲ. ಹುಲ್ಲಿನ ಮೇಲೆ ಟೈನಿ, ಕಟ್ಟೆಯ ಮೇಲೆ ಟಾಮ್, ಇಬ್ಬರೂ ಏದುಸಿರು ಬಿಡುತ್ತ ಬಿಸಿಲು ಇಳಿಯುವವರೆಗೂ ಹಾಗೇ ಕೂತಿದ್ದರು.

ಕರೆದೊಯ್ಯಲು ಬರುತ್ತೇನೆಂದು ಹೇಳಿ ಟಾಮ್ ಹೋದ ಮೇಲೆ ನಾನು ಕೇಳಿದೆ, "ಅಲ್ಲ ಬಾಯಿ, ಒಂದು ಸುಳ್ಳೂ ಹೇಳಲಿಲ್ಲವಲ್ಲ?"

"ಇಗರ್ಜಿಗೆ ಬೀಗ ಹಾಕಿದಾಗಿಂದ ಕನ್ಫೆಶನಿಗೆ ಹೋದದ್ದೇ ಇಲ್ಲ. ಸುಳ್ಳು ಹೇಳಿದ್ರೆ ನನ್ನ ಲೆಕ್ಕದಲ್ಲೇ ಉಳೀತದೆ," ಎಂದರು ಬಾಯಿ. ಸೌತೆಕಾಯಿ ಹೆಚ್ಚುತ್ತಿದ್ದ ಕೈ ನಿಂತಿತು. "ಮತ್ತೆ, ಮನುಷ್ಯರಾದ್ರೆ ಮದುವೆಯಾಗಿ ಹೋದ ಮೇಲೆ ಜಗಳ ಮಾಡಿಯಾದ್ರೂ ಬದುಕ್ತಾರೆ. ಇವ ಎಂತ ಮಾಡ್ತಾನೆ? ಇವ ಎಂಥವ ಅಂತ ಗೊತ್ತಿದ್ದೂ ಬೇಕು ಅನ್ನುವವರು ಬೇಕು ಇವನಿಗೆ."

ಕರೆದೊಯ್ಯಲು ಟಾಮ್ ಬಂದ ದಿನ ಬಾಯಿ ಬೆಳಿಗ್ಗೆಯೇ ಟೈನಿಯ ಮೈ ಬಾಚಿದ್ದರು. ಹೆಣ್ಣೊಪ್ಪಿಸುವ ಶಾಸ್ತ್ರ ಆಗಲೇಬೇಕೆಂದು ಹಟ. ಇವನು ಗಂಡಲ್ಲವೇ ಎಂದರೆ, "ಮನೆ ಬಿಟ್ಟು ಹೋಗುವವ ಇವನೇ ಅಲ್ವಾ?" ಎಂದರು. ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಟೈನಿಯ ಪಟ್ಟಿಯ ತುದಿಯನ್ನು ಕಟ್ಟೆಯ ಮೇಲಿಟ್ಟು ಬಾಯಿ ಹಿಂದೆ ಸರಿದರು, ಟಾಮ್ ಮುಂದೆ ಬಂದು ಎತ್ತಿಕೊಂಡರು. ಇಷ್ಟು ದಿನ ನಮ್ಮವ, ಇನ್ನು ನಿಮ್ಮವ, ಏನಾದರೂ ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬಾಯಿ ಕನ್ನಡದಲ್ಲೇ ಶುರುಮಾಡಿದರು. ಆತನಿಗೆ ತಿಳಿಯದು ಎಂದು ಹೊಳೆದು, ಅಳುವಿನ ನಡುವೆಯೇ ಇದ್ದಹಾಗೆ ಇಂಗ್ಲಿಷಿಗೆ ಇಳಿಸಿದರು: "ಇಫ್ ಹೀ ಮೇಕ್ಸ್ ಎನಿ ಮಿಸ್ಟೇಕ್, ಪ್ಲೀಸ್ ಪುಟ್ ಇಟ್ ಇನ್ ಯುವರ್ ಸ್ಟಮಕ್."

ಟಾಮ್ ಒಂದು ಗಳಿಗೆ ತಬ್ಬಿಬ್ಬಾದರು. ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಅದರ ಮೇಲೆ ಕೈಯಿಟ್ಟು, "ಇಲ್ಲಿ ಜಾಗಕ್ಕೇನು ಕೊರತೆಯಿಲ್ಲ ಕಣಮ್ಮ," ಎನ್ನುವ ಅರ್ಥದಲ್ಲಿ ಏನೋ ಮೆಲ್ಲಗೆ ಹೇಳಿದರು. ಮಾತು ತಪ್ಪಾಗಿ ದಾಟಿತ್ತು, ಆದರೆ ತಲುಪಬೇಕಾದದ್ದು ತಲುಪಿತ್ತು. ಮುಂದಿನ ವಾರ ಬಾಯಿಯೂ ಹೊರಟುಹೋದರು.

ಬಾಯಿ ಈಗಿಲ್ಲ. ಊರಿನಲ್ಲಿ, ತಂಗಿಯ ಮನೆಯಲ್ಲಿ, ನಿದ್ದೆಯಲ್ಲೇ ಹೋದರಂತೆ. ಅವರಷ್ಟು ಒತ್ತಾಯ ಮಾಡಿ ನನಗೆ ಊಟ ಬಡಿಸುವವರು ಈ ದೇಶದಲ್ಲಿ ಇನ್ನೊಬ್ಬರು ಸಿಕ್ಕಿಲ್ಲ, ಸಿಗುವುದೂ ಇಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಟಾಮ್ ಮನೆಯ ಹಿತ್ತಲಲ್ಲಿ, ಫೋನಿನ ಪರದೆಯ ಮೇಲೆ. ಟೈನಿ ಅಷ್ಟರಲ್ಲಿ ನಾಲ್ಕು ರಸ್ತೆಯನ್ನೂ ದಾಟುವಷ್ಟು ಗಟ್ಟಿಯಾಗಿದ್ದ. ನೋಡಿದ್ದೇ ತಡ, "ಅಯ್ಯೋ ದೇವಾ, ಎಂತ ಸೊರಗಿದ್ದಾನೆ! ಊಟ ಸರಿ ಹಾಕ್ತಾರಾ ಕೇಳು!" ಎಂದು ಬಾಯಿ ಕೂಗಿದರು. ಆಮೇಲೆ ಕೊಂಕಣಿಯಲ್ಲಿ ಅವನ ಹೆಸರು ಹಿಡಿದು ಕರೆದರು.

ಟೈನಿಯ ಕಿವಿ ನಿಮಿರಿತು. ಎದ್ದು ಬಂದ. ಪರದೆಯನ್ನು ಮೂಸಿದ, ನನ್ನ ಬೆನ್ನ ಹಿಂದೆ ಹೋಗಿ ಹುಡುಕಿದ, ಬಾಗಿಲವರೆಗೂ ಹೋಗಿ ನೋಡಿದ. ಬಾಯಿ ಪರದೆಗೆ ಮುಖ ಹತ್ತಿರ ತಂದು ನೋಡುತ್ತಿದ್ದರು. ನನಗಂತೂ ಯಾಕಾದರೂ ಫೋನ್ ಮಾಡಿದೆನೋ ಅನ್ನಿಸಿತು. ಆಗ ಟಾಮ್ ಒಳಗೆ ಹೋಗಲು ಕುರ್ಚಿಯಿಂದ ಎದ್ದರು. ಟೈನಿ ಹುಡುಕುವುದನ್ನು ಬಿಟ್ಟು, ನಮ್ಮ ಕಡೆ ತಿರುಗಿಯೂ ನೋಡದೆ ಅವರ ಹಿಂದೆ ನಡೆದ.

ಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ತಾಯಿ ಮನೆಗೆ ಬಂದ ಮಗಳು, ಹೊತ್ತಾಯ್ತು ನಮ್ಮ ಮನೆಗೆ ಹೋಗ್ತೇನೆ ಅಂದ್ರೆ ಹೊಟ್ಟೆ ಉರೀತದೆ ಮಾರಾಯ್ತಿ," ಎಂದರು. "ಆದ್ರೆ ಆ ದಿವಸ ಒಳ್ಳೆ ನಿದ್ದೆ ಬರ್ತದೆ."