ಮಂಗಳಕ್ಕೆ ಹೊರಟ ಕಂಡಕ್ಟರ್ ದೇವಿ

ಒಂದು ಎಲೆಯಡಿಕೆ ಕವಳ ಹಾಕಿ ಮುಗಿಸುವಷ್ಟರಲ್ಲಿ ಎದುರಿಗೆ ಕೂತವರ ಜಾತಕ ಹೇಳಿಬಿಡುವ ಮನುಷ್ಯ ನಾನು. ಮೂವತ್ತನಾಲ್ಕು ವರ್ಷ ಡ್ರಿಲ್ ಮಾಸ್ತರನಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳಲ್ಲಿ ಕಬಡ್ಡಿ ತಂಡ ಆರಿಸಿದ್ದೇನೆ. ಆಯ್ಕೆಯಲ್ಲಿ ಒಮ್ಮೆಯೂ ತಪ್ಪಿಲ್ಲ. ತಂಡ ಸೋತಿದ್ದರೆ ಅದು ಅಂಪೈರನ ತಪ್ಪು.

ಹಾಗಾಗಿ ನಿಲ್ಕುಂದದ ಹತ್ತಿರದ ಬೋಳುಗುಡ್ಡದ ಮೇಲೆ ಮಂಗಳ ಗ್ರಹದ ಅಣಕು ಮನೆ ಕಟ್ಟಿದ ಸಂಸ್ಥೆಯವರು, ಆಯ್ಕೆ ಸಮಿತಿಗೆ ಸ್ಥಳೀಯರೊಬ್ಬರು ಬೇಕೆಂದು ನನ್ನನ್ನು ಕರೆದದ್ದು ಸಹಜವೇ. ಅವರಿಗೆ ಹಿಡಿಸಿದ್ದು ಆ ಗುಡ್ಡದ ಕೆಂಪು ಮಣ್ಣು. ಬಿಳಿ ಆಕಳು ಅಲ್ಲಿ ಒಂದು ಸುತ್ತು ಮೇದು ಬಂದರೆ ಹಾಲು ಕರೆಯುವವರೇ ಗುರುತು ಹಿಡಿಯುವುದಿಲ್ಲ. ನಾಲ್ವರು ಇಪ್ಪತ್ತೊಂದು ದಿನ ಆ ಮನೆಯೊಳಗೆ ಮಂಗಳದಲ್ಲೇ ಇದ್ದಂತೆ ಇರಬೇಕು. ಅಳತೆಯ ನೀರು, ಪೊಟ್ಟಣದ ಊಟ. ಹೊರಗೆ ಸಂದೇಶ ಕಳಿಸಿದರೆ ಉತ್ತರಕ್ಕೆ ನಲವತ್ತು ನಿಮಿಷ ಕಾಯಬೇಕು. ನಡುವೆ ಯಾರಾದರೂ ಬಾಗಿಲು ತೆರೆದರೆ ಒಳಗಿನ ಗಾಳಿಯೆಲ್ಲ ಹೋಯಿತೆಂದು ಲೆಕ್ಕ. ನಾಲ್ವರೂ ಸತ್ತರೆಂದು ಬರೆದು ಮನೆಗೆ ಕಳಿಸುತ್ತಾರೆ.

ಅರ್ಜಿ ಹಾಕಿದವರಲ್ಲಿ ಕೋಲಸಿರ್ಸಿಯ ದೇವಿ ನಾಯ್ಕ ಒಬ್ಬಳು. ನನ್ನದೇ ಹಳೆಯ ವಿದ್ಯಾರ್ಥಿನಿ, ಈಗ ನಿಲ್ಕುಂದದ ಬಸ್ಸಿನ ಕಂಡಕ್ಟರ್. ಹದಿನಾಲ್ಕು ವರ್ಷ ನಿಂತೇ ದುಡಿದು ಮೊಣಕಾಲು ಸೋತಿತ್ತು. ಬಸ್ಸಿನ ಕೆಲಸ ಇನ್ನು ಹೆಚ್ಚು ದಿನ ಸಾಗುವಂತಿರಲಿಲ್ಲ. ಇಪ್ಪತ್ತೊಂದು ದಿನ ಪೂರೈಸಿದವರಲ್ಲಿ ಒಬ್ಬರನ್ನು ಮುಂದಿನ ತಂಡಗಳ ತರಬೇತಿಗೆ ಇಟ್ಟುಕೊಳ್ಳುತ್ತಾರೆಂದು ತಿಳಿದು ಬಂದಿದ್ದಳು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು.

ಬೇಡವೆಂದವನು ನಾನೊಬ್ಬನೇ. ನಮ್ಮ ಕಡೆ ಬಸ್ಸು ಸ್ಟಾಪಿನಲ್ಲಿ ನಿಲ್ಲುವುದಕ್ಕಿಂತ ಕೈ ಮಾಡಿದಲ್ಲಿ ನಿಲ್ಲುವುದೇ ಹೆಚ್ಚು. ದೇವಿಯಂತೂ, ಮೈಮುರಿದು ಆಕಳಿಸುವವನನ್ನು ಕಂಡರೂ ಬಸ್ ನಿಲ್ಲಿಸುವವಳು.

"ಬಾಗಿಲು ಬಡಿದವರಿಗೆಲ್ಲ ತೆಗೀತಾಳೆ ಇವಳು. ಮೂರನೇ ದಿನಕ್ಕೆ ನಾಲ್ಕು ಹೆಣ, ಬರೆದಿಟ್ಕೊಳ್ಳಿ" ಎಂದೆ.

ನನ್ನ ಆಯ್ಕೆ ಯಲ್ಲಾಪುರದ ಶಶಾಂಕ. ಮೈಕಟ್ಟು ಎಂಥದ್ದೆಂದರೆ, ಅವನು ಉಸಿರು ಬಿಟ್ಟರೆ ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳು ಬದಲಾಗುತ್ತಿತ್ತು.

ಪರೀಕ್ಷೆಗೆಂದು ಎಂಟು ಜನರನ್ನು ಎರಡು ದಿನ ಒಂದು ಕಂಟೇನರಿನಲ್ಲಿ ಕೂಡಿಹಾಕಿದರು. ಮೊದಲ ಮಧ್ಯಾಹ್ನವೇ ನೀರಿಗೆ ಜಗಳ. ದೇವಿ ಎದ್ದವಳೇ, "ಹಿಂದೆ ಸರೀರಿ, ಹಿಂದೆ ಜಾಗ ಉಂಟು" ಎಂದು ಎಲ್ಲರನ್ನೂ ಸಾಲು ಮಾಡಿ, ಲೋಟ ತಾನೇ ಹಿಡಿದುಕೊಂಡಳು. ಸಮಿತಿಯವರು ನನ್ನ ಮಾತನ್ನು ಬದಿಗಿಟ್ಟು, ಶಶಾಂಕನ ಜೊತೆ ಅವಳನ್ನೂ ಆರಿಸಿದರು. ಬೆಂಕಿ ಆರಿಸುವುದು, ಗಾಯಕ್ಕೆ ಹೊಲಿಗೆ ಹಾಕುವುದು ಎಂದು ಒಂದು ವಾರ ತರಬೇತಿಯಾಯಿತು. ಒಬ್ಬೊಬ್ಬರು ಸ್ವಂತದ್ದೊಂದು ವಸ್ತು ಒಯ್ಯಬಹುದಿತ್ತು. ದೇವಿ ತನ್ನ ಸೀಟಿ ಒಯ್ದಳು.

ಹನ್ನೆರಡನೇ ದಿನ ನಾನು ಆ ಕಡೆ ಹೋಗಿದ್ದೆ. ಪರಿಚಯದವರ ಮನೆ ಮುಂದೆ ಹಾದು, ಒಂದು ಮಾತು ಆಡಿಸದೆ ಬಂದರೆ ನಮ್ಮಲ್ಲಿ ಅದು ಮೊಮ್ಮಕ್ಕಳ ಕಾಲದವರೆಗೂ ಸುದ್ದಿ. ಕೈಯಲ್ಲಿ ತೊಡದೇವಿನ ಡಬ್ಬಿಯಿತ್ತು; ಕಬ್ಬಿನ ಹಾಲಿನ ಆ ಸಿಹಿ ಶಶಾಂಕನಿಗೆ ಇಷ್ಟ. ಕಾವಲಿನ ಜಟ್ಟಪ್ಪ ಊಟಕ್ಕೆ ಹೋಗಿದ್ದ. ಅದು ಮಂಗಳ ಗ್ರಹವೆಂಬುದನ್ನೇ ಮರೆತು ಬಾಗಿಲು ಬಡಿದೆ.

"ಯಾರು?" ಶಶಾಂಕನ ದನಿ.

"ನಾನೋ, ಮಾಸ್ತರ. ತೊಡದೇವು ತಂದಿದ್ದೆ."

"ಓ, ಬಂದೆ ಸರ್."

ಬಾಗಿಲಿನ ಗಾಜಿನೊಳಗೆ ಅವನ ಕೈ ಚಿಲಕದ ಮೇಲೆ ಬಿದ್ದದ್ದು ಕಂಡಿತು. ಅಷ್ಟರಲ್ಲಿ ದೇವಿ ಅವನನ್ನು ಪಕ್ಕಕ್ಕೆ ತಳ್ಳಿ ಅಡ್ಡ ನಿಂತಳು. ನಾನು ಅಭ್ಯಾಸದಂತೆ ಕೈ ಮಾಡಿದೆ. ಅವಳು ನನ್ನನ್ನೇ ನೋಡುತ್ತ ಎರಡು ಸೀಟಿ ಊದಿದಳು.

ಒಂದು ಸೀಟಿಗೆ ನಿಲ್ಲುವುದು, ಎರಡಕ್ಕೆ ಹೊರಡುವುದು. ಐವತ್ತು ವರ್ಷ ಬಸ್ಸಿನಲ್ಲಿ ಓಡಾಡಿದ ಕಾಲು ನನ್ನನ್ನೊಂದು ಮಾತು ಕೇಳಲಿಲ್ಲ. ಗುಡ್ಡ ಇಳಿದ ಮೇಲೆಯೇ ನಿಂತದ್ದು.

ಇಪ್ಪತ್ತೊಂದನೇ ದಿನ ನಾಲ್ವರೂ ಜೀವಂತ ಹೊರಬಂದರು. ತರಬೇತಿಯ ಕೆಲಸ ದೇವಿಗೇ ಸಿಕ್ಕಿತು. ಮುಂದಿನ ತಂಡದ ಆಯ್ಕೆಗೆ ನನಗೆ ಕರೆ ಬರಲಿಲ್ಲ. ಮರೆತಿರಬೇಕೆಂದು ನಾನೇ ಹೋದೆ. ದೇವಿ ಕುರ್ಚಿಯಲ್ಲಿ ಕೂತು ಅರ್ಜಿ ನೋಡುತ್ತಿದ್ದಳು.

"ಅಲ್ವೇ ದೇವಿ, ಆಕಳಿಸಿದವನಿಗೂ ಬಸ್ ನಿಲ್ಲಿಸ್ತಿದ್ದೆ. ಕಲಿಸಿದ ಮಾಸ್ತರ ಕೈ ಮಾಡಿದ್ರೆ ಸೀಟಿ ಊದಿ ಓಡಿಸ್ತೀಯಲ್ಲ?"

ಅವಳು ಅರ್ಜಿಯಿಂದ ತಲೆ ಎತ್ತಲಿಲ್ಲ.

"ಎಂತ ಮಾಡೂದು ಮಾಸ್ತರೆ, ನಿಮ್ಮೊಬ್ಬರನ್ನ ಹತ್ತಿಸಿಕೊಂಡಿದ್ರೆ ಒಳಗಿದ್ದ ನಾಲ್ಕೂ ಜನ ಇಳೀಬೇಕಾಗ್ತಿತ್ತು."