ಅವ್ವನ ಗಂಟಲಿನ ಅಯೋಡಿನ್

ಅವ್ವನ ಗಂಟಲಿನ ಥೈರಾಯ್ಡ್ ಗ್ರಂಥಿ ಹದ್ದು ಮೀರಿ ಕೆಲಸ ಮಾಡತೊಡಗಿದಾಗ ಹೈದರಾಬಾದಿನ ವೈದ್ಯರು ವಿಕಿರಣಶೀಲ ಅಯೋಡಿನ್ ಕುಡಿಸಿ ಕಳಿಸಿದರು. ಕೆಲವು ದಿನ ಯಾರ ಹತ್ತಿರವೂ ಹೆಚ್ಚು ಹೊತ್ತು ಕೂರಬಾರದು ಎಂದರು.

"ದೊಡ್ಡಾಕಿ ಮನಿಗೇ ಹೋಗ್ತೀನಿ," ಎಂದಳು ಅವ್ವ.

ದೊಡ್ಡಾಕಿ ಎಂದರೆ ನಾನು, ಹುಮನಾಬಾದಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬಸವಕಲ್ಯಾಣದ ತಂಗಿಯನ್ನು ಬಿಟ್ಟು ಅವ್ವ ನನ್ನನ್ನು ಆರಿಸಿದ್ದು ಅದೇ ಮೊದಲು. ದುಬಲಗುಂಡಿಯ ತವರುಮನೆಯಲ್ಲಿ ಚಿಕ್ಕಂದಿನಿಂದಲೂ ಕೆನೆ ಆಕೆಗೆ, ಹಾಲು ನನಗೆ. ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈಗಲೂ ಇದೆ, ಮುಚ್ಚಿಡುವುದೇನು?

ಅವ್ವ ಒಳಕೋಣೆಯ ಮಂಚದ ಮೇಲೆ, ನಾನು ಪಡಸಾಲೆಯಲ್ಲಿ. ಮಾತೆಲ್ಲ ದೂರದಿಂದಲೇ.

"ಹನ್ನೊಂದನೇ ದಿನ ತಲಿ ಮ್ಯಾಲ ನೀರ ಹಾಕ್ಕೊಂಡ್ರ ಹೋಗ್ತದಲ್ಲಾ?" ಎಂದು ಕೇಳಿದಳು. ಅವಳ ಪಾಲಿಗೆ ಇದೂ ಒಂದು ಸೂತಕ.

"ನೀರಿಗಿ ಹೋಗೂದಲ್ಲವ್ವ. ಅದರ ಪರಮಾಣು ತಾನಾಗೇ ಬದಲಾಗಬೇಕು. ಎಂಟು ದಿನಕ್ಕ ಅರ್ಧ ಉಳೀತದ, ಮತ್ತ ಎಂಟು ದಿನಕ್ಕ ಆ ಅರ್ಧದಾಗ ಅರ್ಧ."

ಬೀಟಾ ಕಣ ಗ್ರಂಥಿಯನ್ನು ಸುಟ್ಟು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಗಾಮಾ ಕಿರಣ ಮೈ ದಾಟಿ ಹೊರಗೆ ಬರುತ್ತದೆ, ದೂರ ಕೂತಷ್ಟೂ ನಮಗೆ ತಾಗುವುದು ಕಡಿಮೆ ಎಂದು ಬಿಡಿಸಿ ಹೇಳಿದೆ. ಕಾಗದದ ಹಾಳೆಗೇ ನಿಂತುಬಿಡುವ ಆಲ್ಫಾ ಕಣ ಇದರಲ್ಲಿ ಇಲ್ಲವೆಂದೂ ಹೇಳಿದೆ. ಅವ್ವನಿಗೆ ಅದು ಬೇಕಿರಲಿಲ್ಲ, ನನಗೆ ಪಾಠ ಮುಗಿಸಲು ಮನಸ್ಸಿರಲಿಲ್ಲ. ಅಷ್ಟು ಹೊತ್ತು ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ತಂಗಿ ಫೋನ್ ಮಾಡಿ ನೋಡಲು ಬರುತ್ತೇನೆ ಎಂದಾಗಲೆಲ್ಲ ಅವ್ವ, "ಬ್ಯಾಡ, ಬರಬ್ಯಾಡ!" ಎಂದು ಕೂಗುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತು ಒಳಗೊಳಗೇ ಹಿಗ್ಗುತ್ತಿದ್ದೆ. ಕುಡಿಯಲಿ, ಆಕೆಯೂ ಒಂದಿಷ್ಟು ಕೆನೆಯಿಲ್ಲದ ಹಾಲು ಕುಡಿಯಲಿ!

ವೈದ್ಯರು ಹೇಳಿದ ಅವಧಿ ಮುಗಿಯಿತು. ಇನ್ನು ಯಾರನ್ನು ಮುಟ್ಟಿದರೂ ಭಯವಿಲ್ಲ ಎಂದು ಹಿಂದಿನ ದಿನವೇ ಅವ್ವನಿಗೆ ತಿಳಿಸಿದ್ದೆ. ಆದರೂ ಬಸವಕಲ್ಯಾಣದ ಬಸ್ಸಿನಲ್ಲಿ ಮತ್ತೆ ಕೇಳಿದಳು.

"ತಂಗೀನ್ನ ಮುಟ್ಟಿದ್ರ ಈಗ ಖರೇನೇ ಏನೂ ಆಗೂದಿಲ್ಲ ಅಲಾ? ಆಕೀಗಿ ಆ ಕಿರಣ ತಾಗಬಾರದಂತ್ಲೇ ನಾ ನಿನ್ನ ಮನಿಗಿ ಬಂದೆ."

"ನನಗ ತಾಗಿದ್ರ?"

"ನಿನಗ ಅದರದ್ದೆಲ್ಲ ಗೊತ್ತದ. ನೀ ಗಟ್ಟಿ."

ನಾನು ಕಿಟಕಿಯ ಕಡೆ ತಿರುಗಿ ಕೂತೆ.

ನಿಲ್ದಾಣದಲ್ಲಿ ತಂಗಿ ಓಡಿ ಬಂದಳು. ಅವ್ವ ನನ್ನತ್ತ ನೋಡಿದಳು. ಹೂಂ ಎಂದೆ. ಅವಳು ಆಕೆಯನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ನಾನು ಚೀಲ ಹಿಡಿದು ನಿಂತಿದ್ದೆ. ಬೆಳಿಗ್ಗೆ ನನ್ನ ಮನೆಯಿಂದ ಹೊರಡುವಾಗ ನನ್ನನ್ನೂ ಹಾಗೆ ತಬ್ಬಿಕೊಳ್ಳಬಹುದಿತ್ತು. ತಬ್ಬಿಕೊಂಡಿರಲಿಲ್ಲ.