ಹಾಗರಳ ಫಲಕ

ನಮ್ಮ ದೊಡ್ಡಮ್ಮನ ಕಸುಬು ಹಿತ್ತಾಳೆ ಫಲಕಗಳಲ್ಲಿ ಅಕ್ಷರ ಕೊರೆಯುವುದು. ವಕೀಲರ ಬಾಗಿಲಿಗೆ, ಡಾಕ್ಟರ ಬಾಗಿಲಿಗೆ, ಸತ್ತವರ ಸಮಾಧಿಗೆ. ಉಳಿಯ ಹಾಗೆ ಬಾಯಿಯೂ ಹರಿತ. ಗಂಡ ಚಿತ್ರಕಾರ. ಇನ್ನೊಬ್ಬಳನ್ನು ಮನೆಗೆ ತರುವ ಆಸೆಗೆ ಇವಳನ್ನೂ ಕೈಕೂಸನ್ನೂ ಹೊರಗೆ ದಬ್ಬಿ ಚಿಲಕ ಹಾಕಿಕೊಂಡ. ಆಮೇಲೆ "ಅವಳೇ ಬಿಟ್ಟುಹೋದಳು" ಎಂದು ಊರಿಗೆಲ್ಲ ಡಂಗುರ ಸಾರಿದ. ಊರು ನಂಬಿತು. ಗಂಡನನ್ನು ಬಿಟ್ಟವಳು ಎಂಬ ಹೆಸರು ದೊಡ್ಡಮ್ಮನಿಗೆ ಅಂಟಿಕೊಂಡಿತು. ಅವಳು ಕ್ಷಮಿಸಲಿಲ್ಲ. ನಾನಾಗಿದ್ದರೂ ಕ್ಷಮಿಸುತ್ತಿರಲಿಲ್ಲ.

ಮುದುಕನಾದ ಮೇಲೆ ಆ ಮಹಾನುಭಾವ ಊರಿನ ಸಭಾಭವನಕ್ಕೆ ಗೋಡೆಯಗಲದ ಚಿತ್ರವೊಂದನ್ನು ದಾನ ಕೊಟ್ಟ. ಬೈಬಲಿನ ಅಬ್ರಹಾಮ, ತನಗೆ ಮಗನನ್ನು ಹೆತ್ತ ದಾಸಿ ಹಾಗರಳನ್ನು ಮರುಭೂಮಿಗೆ ಅಟ್ಟುವ ದೃಶ್ಯ. ಇವನು ಮರುಭೂಮಿ ಕಂಡವನಲ್ಲ. ಆದರೂ ಒಂಟೆ, ಖರ್ಜೂರದ ಮರ, ಜರಿಯ ರುಮಾಲು, ಯಾವುದಕ್ಕೂ ಕೊರತೆಯಿಲ್ಲ. ಹಾಗರಳ ಮೈಮೇಲಿನ ಬಟ್ಟೆಗೆ ಮಾತ್ರ ಬರ. ಅವಳ ಮುಖ ದೊಡ್ಡಮ್ಮನದೇ. ಕಣ್ಣೀರು ಸುರಿಸುವ ಅಬ್ರಹಾಮ ಸಾಕ್ಷಾತ್ ತಾನೇ.

ಚಿತ್ರದ ಕೆಳಗೆ ಹಾಕುವ ಫಲಕದ ಕೆಲಸ ದೊಡ್ಡಮ್ಮನ ಅಂಗಡಿಗೇ ಬಂತು. ಭವನದ ಕಾರ್ಯದರ್ಶಿ ಹೊಸಬ, ಪಾಪ, ಹಳೆಯ ಕತೆ ಗೊತ್ತಿಲ್ಲ.

"'ಹಾಗರಳ ನಿರ್ಗಮನ' ಅಂತ ಬರೀಬೇಕಮ್ಮ."

"ನಿರ್ಗಮನ ಅಂದ್ರೆ ತಾನಾಗಿ ಹೋಗೋದು. ಇವಳು ತಾನಾಗಿ ಹೋದ್ಳಾ?"

"ಇಲ್ಲ, ಅವನೇ ಹೊರಗೆ ಹಾಕಿದ್ದು... ನಿಮಗೆ ಸರಿ ಕಂಡ ಹಾಗೆ ಬರೀರಿ."

ಮಗ ಅಡ್ಡ ಬಂದ. "ಬಿಟ್ಟಾಕಮ್ಮ, ಹಳೇದು."

"ನಿನ್ನ ಎತ್ಕೊಂಡು ಬೀದೀಲಿ ನಿಂತವಳು ನಾನು. ಸುಮ್ನಿರು."

ಅನಾವರಣದ ದಿನ ಪರದೆ ಸರಿದಾಗ ಫಲಕದ ಮೇಲೆ ಬೆರಳುದ್ದದ ಅಕ್ಷರಗಳು: 'ಹೆತ್ತವಳನ್ನೂ ಮಗುವನ್ನೂ ಹೊರದಬ್ಬಿದವನು'. ಜನ ಅಬ್ರಹಾಮನೆಂದೇ ಓದಿಕೊಂಡು ತಲೆಯಾಡಿಸಿದರು. ಬಾಯಿ ಮುಚ್ಚಿಕೊಂಡಿದ್ದರೆ ಮುದುಕ ಬಚಾವಾಗುತ್ತಿದ್ದ. ಮೈಕು ಕಿತ್ತುಕೊಂಡು ಕೂಗಿದ:

"ಸುಳ್ಳು! ನಾನು ದಬ್ಬಲಿಲ್ಲ. ಚಿಲಕ ಹಾಕ್ಕೊಂಡೆ, ಅಷ್ಟೇ!"

ಮುಂದಿನ ಸಾಲಿನಲ್ಲಿದ್ದ ಎರಡನೆಯ ಹೆಂಡತಿ ಎದ್ದು ನಿಂತಳು. "ಅವಳೇ ಹೋದ್ಳು ಅಂತ ನನ್ನ ಹತ್ರಾನೂ ಹೇಳಿದ್ರಲ್ಲ?" ಜನ ಚಿತ್ರದ ಹಾಗರಳನ್ನು ನೋಡಿದರು, ತಿರುಗಿ ಹಿಂದಿನ ಬೆಂಚಿನ ದೊಡ್ಡಮ್ಮನನ್ನು ನೋಡಿದರು. ಅವಳು ಸೆಟೆದು ಕೂತಿದ್ದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಫಲಕ ತೆಗೆಸಲು ಕಾರ್ಯದರ್ಶಿ ಒಪ್ಪಲಿಲ್ಲ. ಗ್ರಂಥದಲ್ಲಿ ಇರುವುದೇ ಹಾಗಂತೆ. ಮುದುಕ ಅಂಗಡಿಗೇ ಬಂದ.

"ಮಾನ ಕಳೆದೆಯಲ್ಲೇ! ಆ ಅಕ್ಷರ ಅಳಿಸು."

ದೊಡ್ಡಮ್ಮ ಕನ್ನಡಕ ತೆಗೆದು ಅವನನ್ನು ಕಣ್ತುಂಬ ನೋಡಿದಳು.

"ಹಿತ್ತಾಳೆ ಕಣ್ರೀ, ಉಜ್ಜಿದಷ್ಟೂ ಹೊಳೆಯುತ್ತೆ. ದಿನಾ ಬಂದು ನಾನೇ ಉಜ್ಜಿಕೊಡ್ತೀನಿ ಅಂತ ಕಾರ್ಯದರ್ಶಿಗೆ ಹೇಳಿಬಂದಿದೀನಿ."